ಮೂರನೆಯ ಮಣೆ

ಮುರಿಗೆಪ್ಪ ತನ್ನ ಗಾಜನ್ನು ಗುರುವಿನ ಗಾಜಿನ ಮೇಲೆ ಇಟ್ಟ. ಉಂಗುರಗಳು ಮೂಡಿದವು.

ಹಳದಿ ಬೆಳಕಿನಲ್ಲಿ ಕಪ್ಪು ಉಂಗುರ. ಒಂದರೊಳಗೆ ಒಂದು, ಗಾಡಿ ಚಕ್ರದ ಪಟ್ಟಿಯಷ್ಟು ದುಂಡಗೆ.

“ಅಯ್ನೋರೆ, ನಿಮ್ಮ ಗಾಜು ನಡುವೆ ತಗ್ಗೈತೆ” ಎಂದ.

ಗುರು ಕೊಟ್ರಯ್ಯನವರು ಗಾಜಿನ ಕಡೆ ಬಗ್ಗಿದರು. ಪಟ್ಟಣದಿಂದ ಬಂದ ದೊಡ್ಡವರು ಬೆನ್ನ ಹಿಂದೆ ನಿಂತಿದ್ದರು. ತಾಲ್ಲೂಕಿನ ಶಾಲೆಗಳಿಗೆಲ್ಲ ಇಲ್ಲಿಂದಲೇ ದುರ್ಬೀನು ತರಿಸಬಹುದೇ ಎಂದು ನೋಡಲು ಬಂದವರು.

ಹೊಳೆದಂಡೆಯ ಆ ಆಶ್ರಮದಲ್ಲಿ ದುರ್ಬೀನು ಮಾಡುತ್ತಿದ್ದರು. ದುರ್ಬೀನಿನೊಳಗೆ ಒಂದು ಸಣ್ಣ ಚಪ್ಪಟೆ ಕನ್ನಡಿ ಇರುತ್ತದೆ. ಅದು ಚಪ್ಪಟೆ ಇಲ್ಲದಿದ್ದರೆ ನಕ್ಷತ್ರ ಕೆಡುತ್ತದೆ. ಅದು ಚಪ್ಪಟೆಯೇ ಎಂದು ನೋಡಲು ಅಳತೆಗಾಜು ಬೇಕು. ಅಳತೆಗಾಜು ಚಪ್ಪಟೆಯೇ ಎಂದು ನೋಡಲು ಮೂರು ಅಳತೆಗಾಜು ಬೇಕು.

ಅದಕ್ಕೇ ತೇಯುವ ಕಲ್ಲಿನ ಸುತ್ತ ಮೂರು ಮಣೆ. ಒಂದು ಗುರುವಿನದು. ಒಂದು ಮುರಿಗೆಪ್ಪನದು. ಒಂದು ಚನ್ನವೀರನದು. ಮೂವರ ಮುಂದೆಯೂ ರೊಟ್ಟಿಯಗಲದ ಒಂದೊಂದು ಗಾಜು.

ಬಳಸಿದ ಹಾಗೆ ಗಾಜು ಸವೆಯುತ್ತದೆ. ಆಗ ಒಂದರ ಮೇಲೊಂದನ್ನು ಇಟ್ಟು, ನಡುವೆ ಪುಡಿ ಮತ್ತು ನೀರು ಹಾಕಿ ಮತ್ತೆ ತೇಯಬೇಕು. ಹೊಳಪು ಬರಿಸಬೇಕು. ಆಮೇಲೆ ಉಪ್ಪಿನ ದೀಪದಡಿ ನೋಡಬೇಕು. ಸ್ಪಿರಿಟ್ ದೀಪದ ಬತ್ತಿಗೆ ಉಪ್ಪು ಸವರಿದರೆ ಉರಿ ಹಳದಿಯಾಗುತ್ತದೆ. ಆ ಬೆಳಕಿನಲ್ಲಿ ಎರಡು ಗಾಜು ಹೊಂದಿದರೆ ಮೇಲೆಲ್ಲ ಒಂದೇ ಬಣ್ಣ. ಹೊಂದದಿದ್ದರೆ ಉಂಗುರ.

ಗುರುವಿನ ಗುರುಗಳು ಮಾಡಿಟ್ಟ ಕ್ರಮ ಅದು.

“ತಗ್ಗಿರೋದು ನಿನ್ನದು ಯಾಕಾಗಬಾರದು?” ಎಂದರು ಗುರು.

“ಆಗಬಹುದು. ನೋಡಿಬಿಡೋಣ.”

ಗುರು ಮುರಿಗೆಪ್ಪನ ಗಾಜನ್ನು ಎತ್ತಿ ಪಕ್ಕಕ್ಕೆ ಇಟ್ಟರು. ಚನ್ನವೀರನ ಗಾಜಿನ ಮೇಲೆ ತಮ್ಮದನ್ನು ಇಟ್ಟರು. ಉಂಗುರ ಇಲ್ಲ. ಒಂದೇ ಬಣ್ಣ.

ಬಂದವರಲ್ಲಿ ರುಮಾಲಿನವನೊಬ್ಬ ನಕ್ಕ. “ಇಬ್ಬರದು ಒಂದು ಮಾತು, ಒಬ್ಬನದು ಇನ್ನೊಂದು. ಪಂಚಾಯಿತಿ ಮುಗೀತಲ್ಲ.”

ಮುರಿಗೆಪ್ಪನೂ ನಕ್ಕ. “ಗಾಜಿಗೆ ಪಂಚಾಯಿತಿ ನಡೆಯಲ್ಲ ಸ್ವಾಮಿ. ಬಟ್ಟಲೊಳಗೆ ಬಟ್ಟಲು ಕೂತರೂ ಹೊಂದ್ತದೆ. ಹಂಗಂತ ಬಟ್ಟಲು ಚಪ್ಪಟೆಯಾ?”

ಆಮೇಲೆ ಗುರುವಿನ ಕಡೆ ತಿರುಗಿ ಹೇಳಿದ. ಮೂರನೆಯ ಜೋಡಿ ನೋಡುವುದು ಬಾಕಿ ಇದೆ. ತನ್ನದು ಮತ್ತು ಚನ್ನವೀರನದು. ಅಲ್ಲೂ ತಗ್ಗು ಕಂಡರೆ ತಪ್ಪು ತನ್ನದು, ಉಬ್ಬು ಕಂಡರೆ ಆ ಇಬ್ಬರದು.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಅವನ ಬಾಯಿ ನಿಲ್ಲುವ ಬಾಯಲ್ಲ.

“ತಪ್ಪು ಚನ್ನವೀರಂದು. ತೇಯುವಾಗ ದಿನಾ ನಿಮ್ಮ ಗಾಜನ್ನೇ ಮೇಲಿಡ್ತಾನೆ. ಒಮ್ಮೆ ಕೆಳಗೆ ಇಡಪ್ಪ ಅಂದರೆ, ಗುರುವಿನ ತಲೆ ಮೇಲೆ ನನ್ನ ಗಾಜು ಹೆಂಗಿಡ್ಲಿ ಅಂತಾನೆ. ಮೇಲಿಟ್ಟದ್ದು ತಗ್ತದೆ, ಕೆಳಗಿಟ್ಟದ್ದು ಉಬ್ತದೆ. ದೇವರನ್ನ ಹೊತ್ತು ಮೆರೆಸೋದು ಬೇರೆ, ಗಾಜು ತೇಯೋದು ಬೇರೆ.”

ಬಂದವರೆಲ್ಲ ನಕ್ಕರು.

ಚನ್ನವೀರ ತಲೆ ತಗ್ಗಿಸಿದ. ಗುರು ತಗ್ಗಿಸಲಿಲ್ಲ.

ಮುರಿಗೆಪ್ಪ ಚನ್ನವೀರನ ಗಾಜಿಗೆ ಕೈ ಚಾಚಿದ.

ಗುರು ದೀಪ ಆರಿಸಿದರು.

“ನನಗೆ ಕಲಿಸೋಕೆ ಆ ಮಣೆ ಮೇಲೆ ಕೂತಿದ್ದೀಯಾ?”

ಮುರಿಗೆಪ್ಪನಿಗೆ ಆ ಮಾತು ಅರ್ಥವಾಗಲಿಲ್ಲ. ಅರ್ಥವಾಗದೆಯೇ ಕೇಳಿದ.

“ಅದಕ್ಕೇ ಅಲ್ಲವಾ ಅಯ್ನೋರೆ, ಮೂರು ಮಣೆ ಇರೋದು?”

“ಹಂಗಾದರೆ ಏಳು.”

ಅವನು ಎದ್ದ. ಗಾಜನ್ನು ಟವೆಲಿನಲ್ಲಿ ಸುತ್ತಿಕೊಂಡ. ಗೂಟದಿಂದ ಚೀಲ ತೆಗೆದುಕೊಂಡ. ಗುರುವಿನ ಕಾಲು ಮುಟ್ಟಿದ. ಗುರು ಕಾಲು ಹಿಂದೆಗೆಯಲಿಲ್ಲ, ಕೈಯನ್ನೂ ಎತ್ತಲಿಲ್ಲ.

ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ಅದನ್ನು ಚನ್ನವೀರ ನೋಡಿದ. ಗುರು ದೀಪದ ಬತ್ತಿ ಕತ್ತರಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಗುರು ಗೋಡೆಯ ಬುಡದಲ್ಲಿದ್ದ ನೀರಿನ ಕೊಡವನ್ನು ತಾವೇ ಎತ್ತಿ ತಂದರು. ಮುರಿಗೆಪ್ಪನ ಮಣೆಯ ಮೇಲೆ ಇಟ್ಟರು.

“ಇಲ್ಲಿದ್ದರೆ ಕೈಗೆ ಸಿಗ್ತದೆ” ಎಂದರು.

ಚನ್ನವೀರ ಅದರಿಂದಲೇ ನೀರು ಮೊಗೆದು ತೇಯಲು ಕೂತ. ಗುರುವಿನ ಗಾಜು ಮೇಲೆ, ತನ್ನದು ಕೆಳಗೆ.

ಕೆಲಸ ಚೆನ್ನಾಗಿ ನಡೆಯಿತು.

ತಾಲ್ಲೂಕಿನ ಶಾಲೆಗಳಿಗೆ ದುರ್ಬೀನು ಹೋದವು. ಪಕ್ಕದ ತಾಲ್ಲೂಕಿನಿಂದಲೂ ಕೇಳಿ ಬಂದರು. ಗುರುವಿನ ಗಾಜು ಮತ್ತು ಶಿಷ್ಯನ ಗಾಜು ಯಾವಾಗ ನೋಡಿದರೂ ಒಂದೇ ಬಣ್ಣ. ಮೂವರಿದ್ದಾಗ ದಿನವೂ ಒಂದು ತಕರಾರು ಇರುತ್ತಿತ್ತು. ನಿನ್ನದು ಅಂಚಿನಲ್ಲಿ ಬಿದ್ದಿದೆ, ನಿನ್ನದು ನಡುವೆ ಎದ್ದಿದೆ ಎಂದು. ಇಬ್ಬರಾದ ಮೇಲೆ ಅದೆಲ್ಲ ಹೋಯಿತು.

ಮೂರನೆಯವರು ಯಾರು ಎಂದು ಚನ್ನವೀರ ಒಮ್ಮೆ ಕೇಳಿದ. ನಮ್ಮಿಬ್ಬರದು ಹೊಂದುತ್ತಿದೆ, ಸಾಕು ಎಂದರು ಗುರು.

ಒಬ್ಬ ಯುವಕ ಹೊಳೆ ದಾಟಿ ಬಂದ. ಕಲಿಸಿ ಎಂದ. ಗುರು ಅವನನ್ನು ಒಳಗೆ ಕರೆದು ತೋರಿಸಿದರು. “ಮಣೆ ಇಲ್ಲಪ್ಪ.”

ಯುವಕ ಮೂರು ಮಣೆಯನ್ನೂ ನೋಡಿದ. ಒಂದರ ಮೇಲೆ ಕೊಡ ಇತ್ತು. ಕೈ ಮುಗಿದು ಹೋದ.

ಒಂದು ಸಂಜೆ ಗುರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಚನ್ನವೀರ ಬಂದು ಎರಡು ಮೆಟ್ಟಿಲು ಕೆಳಗೆ ಕೂತ. ಅವನು ಎಂದೂ ಗುರುವಿನ ಸಮಕ್ಕೆ ಕೂರುತ್ತಿರಲಿಲ್ಲ.

“ಅಯ್ನೋರೆ, ಉಂಗುರ ಇರೋದು ಎಲ್ಲಿ? ಮೇಲಿನ ಗಾಜಿನಲ್ಲೋ, ಕೆಳಗಿನದರಲ್ಲೋ?”

“ಎರಡರಲ್ಲೂ ಇಲ್ಲ.”

“ದೀಪದಲ್ಲಾ?”

“ಅಲ್ಲೂ ಇಲ್ಲ.”

ಗುರು ಒಂದು ಕಲ್ಲನ್ನು ನೀರಿಗೆ ಎಸೆದರು. ಅಲೆ ಹೊರಟಿತು. ಮೆಟ್ಟಿಲಿಗೆ ಬಡಿದು ಹಿಂದಿರುಗಿತು. ಹೋಗುವ ಅಲೆಯೂ ಮರಳುವ ಅಲೆಯೂ ಒಂದರೊಳಗೊಂದು ಹಾದವು. ಕೆಲವು ಕಡೆ ನೀರು ಜೋರಾಗಿ ಕುಣಿಯಿತು. ಒಂದು ಕಡೆ ಬೇವಿನ ಎಲೆಯೊಂದು ಅಲುಗದೆ ನಿಂತಿತ್ತು.

“ಅದು ಯಾಕೆ ನಿಂತಿದೆ?” ಎಂದರು.

ಚನ್ನವೀರ ನೋಡಿದ. “ಒಂದು ಅಲೆ ಎತ್ತುವಾಗ ಇನ್ನೊಂದು ಇಳಿಸ್ತಾ ಐತೆ.”

“ಬೆಳಕೂ ಅಷ್ಟೆ. ಮೇಲಿನ ಗಾಜಿನ ಅಡಿಯಿಂದ ಒಂದು ಪಾಲು ಮರಳ್ತದೆ. ಕೆಳಗಿನ ಗಾಜಿನ ತಲೆಯಿಂದ ಒಂದು ಪಾಲು. ನಡುವೆ ಗಾಳಿ, ಕೂದಲಿಗಿಂತ ತೆಳು. ಎರಡು ಪಾಲೂ ಒಟ್ಟಿಗೆ ಎದ್ದು ಬಂದಲ್ಲಿ ಹಳದಿ. ಒಂದು ಎದ್ದು ಒಂದು ಬಿದ್ದಲ್ಲಿ ಕಪ್ಪು. ಗಾಳಿ ಎಲ್ಲಿ ಎಷ್ಟು ದಪ್ಪವೋ ಅದರ ಮೇಲೆ.”

“ಬೆಳಕಿಗೆ ಬೆಳಕು ಸೇರಿದರೆ ಕಪ್ಪಾಗ್ತದಾ?”

“ಆಗ್ತದೆ.”

“ಹಂಗಾದರೆ ಉಂಗುರ ಇರೋದು...”

“ಸಂದಿನಲ್ಲಿ.”

ಚನ್ನವೀರ ಬಹಳ ಹೊತ್ತು ಎಲೆಯನ್ನೇ ನೋಡಿದ. ನೀರು ಸಮವಾಯಿತು. ಎಲೆ ತೇಲಿ ಹೋಯಿತು.

“ನಮ್ಮಿಬ್ಬರ ಗಾಜಿನ ನಡುವೆ ಸಂದೇ ಇಲ್ಲ, ಅಯ್ನೋರೆ” ಎಂದ. ಸಂತೋಷದಿಂದ ಅಂದ ಮಾತು.

ಗುರು ಹೂಂ ಎಂದರು. ಆ ಹೂಂ ಅಂದು ತಡವಾಗಿ ಬಂತು.

ಹೀಗೆ ಎಷ್ಟೋ ವರ್ಷ ಕಳೆದ ಮೇಲೆ, ಒಂದು ಬೇಸಿಗೆ ರಜೆಯಲ್ಲಿ ಒಬ್ಬ ಟೀಚರು ಬಂದರು. ಹೆಸರು ಸರ್ವಮಂಗಳಾ. ಬಸ್ಸಿನಲ್ಲಿ ದುರ್ಬೀನನ್ನು ದುಪ್ಪಟಿಯಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದರು. ಬಸ್ಸಿನಲ್ಲಿ ಎಲ್ಲರೂ ಮಗು ಎಷ್ಟು ತಿಂಗಳದು ಎಂದು ಕೇಳಿದರಂತೆ.

ನೀರು ಕುಡಿದರು. ಸಂಕೋಚಪಟ್ಟುಕೊಂಡು ಹೇಳಿದರು. ಚಂದ್ರ ಚೆನ್ನಾಗಿಯೇ ಕಾಣುತ್ತಾನೆ. ನಕ್ಷತ್ರ ಮಾತ್ರ ಸರಿ ಬರುವುದಿಲ್ಲ. ಚುಕ್ಕಿ ಸಾಸಿವೆಯ ಹಾಗೆ ಇರುತ್ತದೆ ಎಂದು ತಾವು ಮಕ್ಕಳಿಗೆ ಹೇಳಿದ್ದರು. ಅಕ್ಕಿಕಾಳಿನ ಹಾಗೆ ಇದೆಯಲ್ಲ ಟೀಚರ್ ಎಂದು ಮಕ್ಕಳು ಅಂದರು. ಕಣ್ಣು ಸರಿಯಾಗಿ ಇಟ್ಟು ನೋಡಿ ಎಂದು ತಾವು ಗದರಿದರು. ಆಮೇಲೆ ತಾವೇ ನೋಡಿದರು. ಅಕ್ಕಿಕಾಳೇ.

“ನಾನು ಮಕ್ಕಳನ್ನ ಬೈದೆ, ಗುರುಗಳೆ. ಅವರು ಕಂಡದ್ದನ್ನ ಹೇಳಿದ್ದರು.”

ಚನ್ನವೀರ ಎದ್ದು ನಿಂತ. ಇಲ್ಲಿಂದ ಹೋದ ಕನ್ನಡಿ ಒಂದೊಂದನ್ನೂ ಅಳತೆಗಾಜಿಗೆ ಇಟ್ಟು ನೋಡಿಯೇ ಕಳಿಸಿದ್ದು ಎಂದ. ದುರ್ಬೀನು ಎಲ್ಲೋ ಬಿದ್ದಿರಬೇಕು ಎಂದ.

ಟೀಚರು ಬಿದ್ದಿಲ್ಲ ಎಂದರು. ತಮ್ಮ ಊರಿನಲ್ಲಿ ಸೈಕಲ್ ಅಂಗಡಿಯ ಹಿಂದೆ ಕನ್ನಡಕದ ಗಾಜು ತೇಯುವವರು ಒಬ್ಬರಿದ್ದಾರೆ, ಅವರಿಗೆ ತೋರಿಸಿದೆ ಎಂದರು. ಅವರು ಚಪ್ಪಟೆ ಕನ್ನಡಿಯನ್ನು ಬಿಚ್ಚಿ, ತಮ್ಮದೊಂದನ್ನು ಹಾಕಿ ಕೊಟ್ಟರು. ಚುಕ್ಕಿ ಸಾಸಿವೆಯಾಯಿತು.

“ಮತ್ತೆ ಯಾಕೆ ಬಂದಿರಿ?” ಎಂದ ಚನ್ನವೀರ.

“ಅವರೇ ಹೇಳಿದರು. ನಿಮ್ಮದು ಸರಿಹೋಯಿತು, ಉಳಿದ ಶಾಲೆಯವರದು ಹಂಗೇ ಇರ್ತದೆ, ಆಶ್ರಮಕ್ಕೆ ಒಯ್ದು ತೋರಿಸಿ ಅಂತ. ಹೆಸರು ಹೇಳಬೇಡಿ ಅಂದರು.”

ಗುರು ದುರ್ಬೀನಿನ ಆ ಹೊಸ ಕನ್ನಡಿಯನ್ನು ಬಿಚ್ಚಿಸಿದರು. ಕೈಯಲ್ಲಿ ಹಿಡಿದರು. ಅದರ ಹೊಳಪಿನ ಮುಖ ನೋಡಲಿಲ್ಲ. ಅಂಚಿನ ಮೇಲೆ ಹೆಬ್ಬೆರಳು ಸುತ್ತಿಸಿದರು. ಗಾಜಿನ ಅಂಚು ಕೈ ಕೊಯ್ಯದ ಹಾಗೆ ಎಲ್ಲರೂ ಒಂದು ಸುತ್ತು ಉಜ್ಜುತ್ತಾರೆ. ಇದಕ್ಕೆ ಎರಡು ಸುತ್ತು ಉಜ್ಜಿತ್ತು. ಶಾಲೆಯ ಮಕ್ಕಳು ಬಿಚ್ಚಿ ನೋಡುತ್ತಾರೆ, ಕೈ ಕುಯ್ದುಕೊಳ್ಳುತ್ತಾರೆ ಎಂದು ಎರಡು ಸುತ್ತು ಉಜ್ಜುತ್ತಿದ್ದವನು ಆ ಆಶ್ರಮದಲ್ಲಿ ಒಬ್ಬನೇ.

“ಹೆಸರು ಬೇಡ. ಗೊತ್ತಾಯಿತು” ಎಂದರು.

ಟೀಚರಿಗೆ ಊಟ ಮಾಡಿಸಿ ಕಳಿಸಿದರು. ಹೊರಡುವಾಗ ಗುರು ಅವರಿಗೆ ಹೇಳಿದರು, ಮಕ್ಕಳ ಹತ್ತಿರ ನನ್ನ ಪರವಾಗಿ ತಪ್ಪಾಯಿತು ಎನ್ನಿ ಎಂದು. ಚನ್ನವೀರನಿಗೆ ಅದನ್ನು ಕೇಳಿ ನಿಲ್ಲಲಾಗಲಿಲ್ಲ. ಒಳಗೆ ಹೋದ.

“ಮುರಿಗೆಪ್ಪನ್ನ ಕರಕೊಂಡು ಬಾ” ಎಂದರು ಗುರು.

 ಚನ್ನವೀರ ಒಂದೊಂದಾಗಿ ಕಾರಣ ಹೇಳಿದ. ಹತ್ತು ಜನರ ಮುಂದೆ ಗುರುವನ್ನು ನಗೆಪಾಟಲು ಮಾಡಿದವನು ಅವನು. ಒಂದು ಕನ್ನಡಿ ಸರಿಯಾದರೆ ಏನಾಯಿತು, ಹತ್ತರಲ್ಲಿ ಒಂದು ಯಾರದಾದರೂ ಸರಿಯಾಗುತ್ತದೆ. ನಮ್ಮ ಗಾಜು ಇಷ್ಟು ವರ್ಷ ಹೊಂದಿದೆ, ಇಂದೂ ಹೊಂದುತ್ತದೆ, ಈಗಲೇ ಬೇಕಾದರೆ ದೀಪ ಹಚ್ಚುತ್ತೇನೆ.

ಗುರು ಎಲ್ಲ ಕೇಳಿದರು.

“ಬಸ್ಸು ಬೆಳಿಗ್ಗೆ ಐತೆ” ಎಂದರು.

“ನೀವೂ ಬರ್ತೀರಾ?”

ಗುರು ಮಂಡಿ ತೋರಿಸಿದರು.

ಸೈಕಲ್ ಅಂಗಡಿಯ ಹಿಂದೆ ಒಂದು ತಗಡಿನ ಮಾಡು. ಅದರಡಿ ತೇಯುವ ಕಲ್ಲು. ಕಲ್ಲಿನ ಸುತ್ತ ಮೂರು ಮಣೆ.

ಒಂದರ ಮೇಲೆ ಮುರಿಗೆಪ್ಪ. ತಲೆ ನರೆತಿತ್ತು. ಒಂದರ ಮೇಲೆ ಅವನ ಹೆಂಡತಿ ಹಂಪಮ್ಮ. ಇನ್ನೊಂದರ ಮೇಲೆ ಸೈಕಲ್ ಅಂಗಡಿಯ ಖಾಸಿಂ ಸಾಬ. ಪಂಕ್ಚರ್ ಹಾಕಿಸಲು ಯಾರಾದರೂ ಬಂದರೆ ಎದ್ದು ಹೋಗುತ್ತಿದ್ದ, ಕೈ ತೊಳೆದು ಮತ್ತೆ ಬಂದು ಕೂರುತ್ತಿದ್ದ.

ಚನ್ನವೀರ ಹೋದಾಗ ಹಂಪಮ್ಮ ಗಂಡನ ಗಾಜಿನ ಮೇಲೆ ತನ್ನದನ್ನು ಇಟ್ಟು ಬಗ್ಗಿ ನೋಡುತ್ತಿದ್ದಳು.

“ನಿಂದು ಅಂಚಿನಾಗ ಬಿದ್ದೈತೆ” ಎಂದಳು.

“ನಂದಲ್ಲ, ನಿಂದು.”

“ಸಾಬ್ರೆ, ನಿಮ್ಮದು ಕೊಡ್ರಿ ಇಲ್ಲಿ.”

ಖಾಸಿಂ ಸಾಬ ಕೊಟ್ಟ. ಅವಳು ಅದನ್ನು ಎರಡರ ಮೇಲೂ ಇಟ್ಟು ನೋಡಿದಳು. ಗಂಡನ ಕಡೆ ನೋಡಿದಳು. ಮುರಿಗೆಪ್ಪ ತನ್ನ ಗಾಜನ್ನು ಎತ್ತಿಕೊಂಡ. “ಆಯ್ತು, ನಂದೇ. ಮನೆಯಾಗೂ ಬಿಡಲ್ಲ, ಇಲ್ಲೂ ಬಿಡಲ್ಲ.”

ಆಗ ಚನ್ನವೀರನನ್ನು ನೋಡಿದ.

ಎದ್ದ. ಕೈ ಒರೆಸಿಕೊಂಡ. ಹೆಂಡತಿಗೆ ಹೇಳಿದ, “ಇವನೇ ಚನ್ನವೀರ. ದೇವರು ಹೊರುವವನು ಅಂತಿದ್ದೆನಲ್ಲ.” ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತೋ ಏನೋ. ಚನ್ನವೀರನ ಹೆಗಲ ಮೇಲೆ ಕೈ ಇಟ್ಟ.

ಮಂಡಕ್ಕಿ, ಚಹಾ ಬಂತು. ಹೊಳೆಯಲ್ಲಿ ನೀರು ಎಷ್ಟಿದೆ ಎಂದು ಕೇಳಿದ. ಬೇವಿನ ಮರ ಇದೆಯೇ ಎಂದು ಕೇಳಿದ. ಗುರುವಿನ ಮಂಡಿಯ ಬಗ್ಗೆ ಕೇಳಿದ. ಬಂದದ್ದು ಯಾಕೆ ಎಂದು ಕೇಳಲಿಲ್ಲ.

ಚನ್ನವೀರನೇ ಹೇಳಿದ. “ಅಯ್ನೋರು ಕರೀತಾರೆ.”

ಮುರಿಗೆಪ್ಪ ಲೋಟ ಕೆಳಗಿಟ್ಟ.

“ಏನಂದರು?”

“ಕರಕೊಂಡು ಬಾ ಅಂದರು.”

“ಬೈದರಾ?”

“ಇಲ್ಲ.”

ಹಂಪಮ್ಮ ಬಾಯಿ ತೆರೆದಳು. ಇಲ್ಲಿಗೆ ಬಂದ ಮೊದಲ ವರ್ಷ ಈತ ಚೀಲವನ್ನು ಗೂಟಕ್ಕೆ ಹಾಕಿರಲಿಲ್ಲ ಎಂದಳು. ಬಾಗಿಲ ಹಿಂದೆ ನೆಲದ ಮೇಲೇ ಇಟ್ಟಿದ್ದ. ಗುಡಿಸುವಾಗ ದಿನಾ ಎತ್ತಿಟ್ಟು ಅವಳಿಗೆ ಸಾಕಾಗಿತ್ತು. ಯಾಕೆ ಎಂದರೆ, ಅಯ್ನೋರು ಹೇಳಿ ಕಳಿಸಿದರೆ ಹೊರಡಬೇಕಲ್ಲ ಎನ್ನುತ್ತಿದ್ದ. ಮಳೆಗಾಲ ಬಂತು. ಚೀಲಕ್ಕೆ ಗೆದ್ದಲು ಹತ್ತಿತು. ಆಮೇಲೆ ಗೂಟಕ್ಕೆ ಹಾಕಿದ.

“ಅದನ್ನೆಲ್ಲ ಯಾಕೆ ಹೇಳ್ತೀಯ” ಎಂದ ಮುರಿಗೆಪ್ಪ.

“ಕೇಳಲಿ ಬಿಡು.”

ಖಾಸಿಂ ಸಾಬ ಗಾಜಿನ ಮೇಲೆ ನೀರು ಚಿಮುಕಿಸಿ ತೇಯುವುದಕ್ಕೆ ಶುರು ಮಾಡಿದ. 

ಮುರಿಗೆಪ್ಪ ಮೂರು ಮಣೆಯನ್ನೂ ನೋಡಿದ.

“ಆವಾಗ ಕರೆದಿದ್ದರೆ ಓಡಿ ಬರ್ತಿದ್ದೆ, ಚನ್ನವೀರ. ಈಗ ನಾನು ಎದ್ದರೆ ಇಲ್ಲಿ ಇಬ್ಬರೇ ಉಳೀತಾರೆ.”

 ಆಶ್ರಮದಲ್ಲಿ ಇಬ್ಬರೇ ಇದ್ದೇವೆ ಎಂಬುದು ಚನ್ನವೀರನಿಗೆ ಅಲ್ಲಿಯತನಕ ಒಂದು ಕೊರತೆಯಾಗಿ ಕಂಡಿರಲಿಲ್ಲ.

ಮುರಿಗೆಪ್ಪ ಒಳಗೆ ಹೋದ. ಟವೆಲಿನ ಒಂದು ಗಂಟು ತಂದ. ಅಂದು ಸುತ್ತಿಕೊಂಡು ಹೋದ ಅದೇ ಗಾಜು. ಮೊದಲು ಒಬ್ಬನೇ ಕೂತು ಇನ್ನೆರಡು ಗಾಜು ಮಾಡಿಕೊಂಡು, ಮೂರನ್ನೂ ಒಂದಕ್ಕೊಂದು ತೇದು, ಅದನ್ನು ಸರಿಯಾಗಿ ಉಳಿಸಿಕೊಂಡಿದ್ದ. ಈಗ ಅದರ ಬದಲು ಬೇರೊಂದು ಇದೆ ಎಂದ.

“ಇದು ಅಲ್ಲಿಯದು. ಇದಾದರೂ ಬರಲಿ.”

ಗಂಟನ್ನು ಚನ್ನವೀರನ ಕೈಗೆ ಕೊಟ್ಟ. ಕೊಟ್ಟರೂ ಕೈ ಬಿಡಲಿಲ್ಲ.

“ಮೂರನೇ ಜೋಡಿ ನೋಡೋದು ಬಾಕಿ ಇತ್ತು ಅಂತ ಹೇಳು. ಸಿಟ್ಟಿನಿಂದ ಹೇಳಿದ ಅನ್ನಬೇಡ.”

ಚನ್ನವೀರ ಆಶ್ರಮಕ್ಕೆ ಬಂದಾಗ ಹೊಳೆಯ ಆಚೆ ದಂಡೆಯಲ್ಲಿ ಇನ್ನೂ ಬಿಸಿಲಿತ್ತು. ಗುರು ಬಾಗಿಲಲ್ಲೇ ನಿಂತಿದ್ದರು. ಅವನ ಹಿಂದೆ ನೋಡಿದರು. ದಾರಿ ಖಾಲಿ ಇತ್ತು.

ಚನ್ನವೀರ ನಡೆದದ್ದನ್ನೆಲ್ಲ ಹೇಳಿದ. ಮಂಡಕ್ಕಿ ಕೊಟ್ಟದ್ದನ್ನೂ ಬಿಡಲಿಲ್ಲ. ಗುರು ಒಂದನ್ನೇ ಎರಡನೆಯ ಸಲ ಕೇಳಿದರು.

“ಚೀಲ ಗೂಟಕ್ಕೆ ಹಾಕಿರಲಿಲ್ಲವಾ?”

“ಮೊದಲ ವರ್ಷ ಹಾಕಿರಲಿಲ್ಲವಂತೆ.”

“ದೀಪ ಹಚ್ಚು” ಎಂದರು.

ಚನ್ನವೀರ ಬಾಗಿಲು ಮುಚ್ಚಿದ. ಬತ್ತಿಗೆ ಉಪ್ಪು ಸವರಿ ಹಚ್ಚಿದ. ಇಬ್ಬರ ಮುಖವೂ ಕೈಯೂ ಹಳದಿಯಾದವು.

ಗುರುವಿನ ಗಾಜು, ಚನ್ನವೀರನ ಗಾಜು. ಒಂದೇ ಬಣ್ಣ. ಎಂದಿನ ಹಾಗೆ.

ಮುರಿಗೆಪ್ಪನ ಗಾಜಿನ ಮೇಲೆ ಗುರುವಿನ ಗಾಜು. ಉಂಗುರ ಎದ್ದವು. ಅಂದಿಗಿಂತ ಹೆಚ್ಚು, ಅಂದಿಗಿಂತ ಒತ್ತಾಗಿ. ಗುರು ಅಂಚಿನ ಮೇಲೆ ಬೆರಳು ಒತ್ತಿದರು. ಉಂಗುರಗಳ ನಡು ಇದ್ದಲ್ಲೇ ಇತ್ತು. ಅಂಚೆಲ್ಲ ಕೂತಿದೆ, ನಡುವೆ ಸಂದು ಉಳಿದಿದೆ ಎಂದು ಅದರ ಅರ್ಥ. ತಗ್ಗು.

“ಇನ್ನು ಮೂರನೇದು” ಎಂದರು.

ಚನ್ನವೀರ ತನ್ನ ಗಾಜನ್ನು ಎತ್ತಿದ.  ಹಿಂದೆ ಸರಿದ. “ನೀವೇ ಇಡ್ರಿ ಅಯ್ನೋರೆ.”

“ನಿನ್ನದು. ನೀನು ಇಡು.”

ಇಟ್ಟ. ಗಾಳಿ ಹೊರಗೆ ಹೋಗಿ ಗಾಜು ಕೂರುವ ತನಕ ಕಾದರು. ಉಂಗುರ ನಿಧಾನವಾಗಿ ಅಗಲವಾಗಿ ನಿಂತವು. ಗುರುವಿನ ಗಾಜಿನಲ್ಲಿ ಎಷ್ಟಿದ್ದವೋ ಇಲ್ಲೂ ಅಷ್ಟೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಡುವೆ ಒಂದು ಕಪ್ಪು ಚುಕ್ಕೆ.

“ಒತ್ತು.”

ಚನ್ನವೀರ ಅಂಚಿನ ಮೇಲೆ ಬೆರಳು ಇಟ್ಟ. ಕಪ್ಪು ಚುಕ್ಕೆ ನಡುವಿನಿಂದ ಹೊರಟು ಅವನ ಬೆರಳಿನ ಕಡೆ ನಡೆದು ಬಂತು. ಬೆರಳು ಸರಿಸಿದ. ಅಲ್ಲಿಗೂ ಬಂತು. ಕರು ಬಂದ ಹಾಗೆ. ದುಂಡು ತಳದ ಬಟ್ಟಲನ್ನು ಒತ್ತಿದ ಕಡೆ ಅದು ವಾಲುತ್ತದೆ. ಉಬ್ಬು.

ಒಂದರ ತಗ್ಗು ಎಷ್ಟೋ ಇನ್ನೊಂದರ ಉಬ್ಬು ಅಷ್ಟೇ. ಎರಡರ ನಡುವೆ ಮುರಿಗೆಪ್ಪನ ಗಾಜು ಕೆರೆಯ ನೀರಿನ ಹಾಗೆ ಸಮವಾಗಿತ್ತು.

ಚನ್ನವೀರ ಬೆರಳು ತೆಗೆಯಲಿಲ್ಲ.

“ನಾನು ಒಂದು ದಿನವೂ ನಿಮ್ಮ ಗಾಜನ್ನ ಕೆಳಗಿಡಲಿಲ್ಲ” ಎಂದ.

“ಗೊತ್ತು.”

“ಭಕ್ತಿಯಿಂದ ಮಾಡಿದೆ.”

“ಗೊತ್ತು. ನನಗೆ ಹಿತವಾಗಿತ್ತು.”

“ಹಂಗಾದರೆ ಇಷ್ಟು ವರ್ಷ ನಾನು ನಿಮ್ಮಿಂದ ಕಲಿತದ್ದು?”

ಗುರು ಎರಡು ಗಾಜನ್ನೂ ಮತ್ತೆ ಒಂದರ ಮೇಲೊಂದು ಇಟ್ಟರು. ಒಂದೇ ಬಣ್ಣ. ನೋಡಲು ಚೆನ್ನಾಗಿತ್ತು.

“ನಾನು ತಗ್ಗಿದಷ್ಟು ನೀನು ಉಬ್ಬಿದೆ. ಅದಕ್ಕೇ ಹೊಂದಿತು” ಎಂದರು.

ಚನ್ನವೀರ ಅತ್ತ. ಗುರು ತಡೆಯಲಿಲ್ಲ. ಅತ್ತು ಮುಗಿದ ಮೇಲೆ ಹೇಳಿದರು. ನಾಳೆಯಿಂದ ನಿನ್ನ ಗಾಜು ಮೇಲಿರಲಿ. ದುರ್ಬೀನು ಹೋದ ಶಾಲೆಗಳಿಗೆಲ್ಲ ಹೋಗಿ ಬಾ. ಕನ್ನಡಿ ಬಿಚ್ಚಿ ತಾ. ಯಾಕೆ ಎಂದು ಕೇಳಿದರೆ ಇದ್ದದ್ದನ್ನು ಹೇಳು.

“ಮೂರನೆಯವರು ಯಾರು, ಅಯ್ನೋರೆ? ಗಾಜು ಬಂತು. ತೇಯೋಕೆ ಕೈ ಬೇಕಲ್ಲ.”

ಗುರು ಮೂರನೆಯ ಮಣೆಯ ಕಡೆ ನೋಡಿದರು.

“ಅವತ್ತು ಹೊಳೆ ದಾಟಿ ಬಂದಿದ್ದನಲ್ಲ ಒಬ್ಬ. ಅವನ ಊರು ಯಾವುದು?”

“ಕೇಳಲಿಲ್ಲ” ಎಂದರು ಗುರು.

ಮಂಡಿ ಹಿಡಿದುಕೊಂಡು ಎದ್ದರು. ಚನ್ನವೀರ ಕೈ ಕೊಡಲು ಬಂದ. ಬೇಡ ಎಂದರು. ಮೂರನೆಯ ಮಣೆಯ ಹತ್ತಿರ ಹೋದರು. ಕೊಡ ತುಂಬಿತ್ತು. ಎರಡೂ ಕೈಯಲ್ಲಿ ಎತ್ತಿದರು. ಒಂದೊಂದೇ ಹೆಜ್ಜೆ ಇಟ್ಟು ಗೋಡೆಯ ಬುಡಕ್ಕೆ ಒಯ್ದು ಇಟ್ಟರು.

ಮಣೆಯ ಮೇಲೆ ಕೊಡದ ಅಡಿಯ ಗುರುತು ಉಳಿದಿತ್ತು. ಕಪ್ಪು ಉಂಗುರ.

ಗುರು ಕೂತು ತಮ್ಮ ಪಂಚೆಯ ಸೆರಗಿನಿಂದ ಅದನ್ನು ಒರೆಸಿದರು. ಹೋಗಲಿಲ್ಲ. ಪುಡಿ ಹಾಕಿ ಉಜ್ಜಿದರು. ಮರದೊಳಗೆ ಇಳಿದಿತ್ತು.

ಚನ್ನವೀರ ದೀಪ ಹಿಡಿದು ನಿಂತಿದ್ದ.

ಗುರು ಗೋಡೆಯ ಕಡೆ ನೋಡಿದರು.

“ಕೊಡಕ್ಕೆ ಬೇರೆ ಜಾಗ ಇತ್ತು” ಎಂದರು.